ಕಡಲ ಗಾಳಿಯ ಊರುಗಳಲ್ಲಿ ಕೇಬಲ್ ಹಾಗೂ ಹೋಸ್ ಕ್ಲಿಪ್‌ಗಳ ಆಯ್ಕೆ

(ಕರಾವಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಈ ದಿನದ ಕಾರ್ಯಸೂಚಿಯಲ್ಲಿ ತೆರಿಗೆ ವಸೂಲಾತಿ, ಘನತ್ಯಾಜ್ಯ ನಿರ್ವಹಣೆ, ಕ್ರಿಯಾಯೋಜನೆ ಮುಂತಾದ ಗುರುತರ ವಿಷಯಗಳಿವೆ. ಅವುಗಳ ನಡುವೆ ನನಗೆ ವಹಿಸಿರುವ ವಿಷಯವು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕೊಳವೆಯನ್ನು ಕೊಳವೆಗೆ ಬಿಗಿಯುವ ಹೋಸ್ ಕ್ಲಿಪ್, ಕೇಬಲನ್ನು ಕಂಬಕ್ಕೋ ಗೋಡೆಗೋ ಸೇತುವೆಗೋ ಹಿಡಿದಿಡುವ ಕ್ಲಿಪ್. ಸಾಮಾನ್ಯ ಸಭೆಯಲ್ಲಿ ಇದರ ಬಗ್ಗೆ ಚರ್ಚೆಯಾದುದನ್ನು ನಾನಂತೂ ಕಂಡಿಲ್ಲ. ಅಂದಾಜು ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಾಲು ಕೂಡ ಇರುವುದಿಲ್ಲ. "ಅಗತ್ಯ ಬಿಡಿಭಾಗಗಳು ಸೇರಿದಂತೆ" ಎಂಬ ಮಾತಿನಲ್ಲಿ ಅದು ಸೇರಿಹೋಗಿರುತ್ತದೆ. ಆ ಮಾತಿನಿಂದ ನಮ್ಮ ಪಂಚಾಯಿತಿಗೆ ಒದಗಿದ ಸಂಕಷ್ಟವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ.

ನಾನು ಈ ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯ ವ್ಯಾಪ್ತಿಯಲ್ಲಿ ಅಳಿವೆಯ ನಡುವೆ ಒಂದು ಕುರ್ವೆ ಇದೆ. ಅಲ್ಲಿಯ ಬಾವಿಗಳ ನೀರು ಫೆಬ್ರವರಿ ಕಳೆಯುತ್ತಲೇ ಉಪ್ಪಾಗುತ್ತದೆ. ಆದುದರಿಂದ ದಡದ ಪಂಪ್‌ಹೌಸಿನಿಂದ ಎಚ್‌ಡಿಪಿಇ ಕೊಳವೆಯನ್ನು ಕಾಲುಸೇತುವೆಯ ಅಡಿಭಾಗಕ್ಕೆ ಕ್ಲಿಪ್‌ಗಳಿಂದ ಬಿಗಿದು, ಅದರ ಪಕ್ಕದಲ್ಲೇ ಬೀದಿದೀಪದ ಕೇಬಲನ್ನೂ ಕೊಂಡೊಯ್ದು, ಕುರ್ವೆಯ ಮನೆಗಳಿಗೆ ನೀರು ಮತ್ತು ಬೆಳಕು ಒದಗಿಸಲಾಗಿತ್ತು. ಸೇತುವೆಯ ಎರಡೂ ತುದಿಗಳಲ್ಲಿ ಕೊಳವೆಯ ಅಲುಗಾಟವನ್ನು ತಾಳಿಕೊಳ್ಳಲೆಂದು ರಬ್ಬರ್ ಹೋಸಿನ ತುಂಡುಗಳನ್ನು ಜೋಡಿಸಿ ಹೋಸ್ ಕ್ಲಿಪ್ ಹಾಕಲಾಗಿತ್ತು. ಬಿಡಿಭಾಗಗಳಿಗೆ ದರಪತ್ರ ಕರೆದವನು ನಾನೇ. "ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್" ಎಂದು ಅದರಲ್ಲಿ ಸ್ಪಷ್ಟವಾಗಿಯೇ ನಮೂದಿಸಿದ್ದೆ. ಕಡಲ ಬದಿಯೆಂದು ಎಚ್ಚರ ವಹಿಸಿದೆನೆಂಬ ಸಮಾಧಾನವೂ ನನಗಿತ್ತು.

ಎರಡನೆಯ ವರ್ಷದ ಮೇ ತಿಂಗಳ ಒಂದು ರಾತ್ರಿ ದಡದ ಬದಿಯ ಹೋಸ್ ಕಳಚಿತು. ಬೆಳಗಿನ ಜಾವ ನೀರುಗಂಟಿ ಬಂದು ನೋಡುವವರೆಗೆ ಮೋಟಾರು ಹೊಳೆಗೇ ನೀರು ಸುರಿಯುತ್ತಿತ್ತು, ತೊಟ್ಟಿ ಬರಿದಾಗಿತ್ತು. ಹೋಸ್ ಮರುಜೋಡಿಸಲು ಹೋದಾಗ ಸೇತುವೆಯ ಅಡಿಯ ಸ್ಥಿತಿ ಕಣ್ಣಿಗೆ ಬಿತ್ತು. ಅರ್ಧದಷ್ಟು ಕ್ಲಿಪ್‌ಗಳು ತುಂಡಾಗಿದ್ದವು, ಉಳಿದವು ಕೈಯಿಂದ ಮುಟ್ಟಿದರೆ ಉದುರುವಂತಿದ್ದವು. ಕೊಳವೆ ತನ್ನ ಭಾರಕ್ಕೇ ಜೋತುಬಿದ್ದಿತ್ತು. ತಕ್ಕ ಕ್ಲಿಪ್‌ಗಳು ಸ್ಥಳೀಯ ಅಂಗಡಿಗಳಲ್ಲಿ ದೊರೆಯಲಿಲ್ಲ. ಅವು ಬರುವವರೆಗೆ ನಾಲ್ಕು ದಿನ ದೋಣಿಯಲ್ಲಿ ಕ್ಯಾನುಗಳನ್ನಿಟ್ಟು ಕುರ್ವೆಗೆ ನೀರು ಸಾಗಿಸಿದೆವು. ಮುಂದಿನ ಸಾಮಾನ್ಯ ಸಭೆಯಲ್ಲಿ ಆ ವಾರ್ಡಿನ ಸದಸ್ಯೆ ಎದ್ದುನಿಂತು, "ಸ್ಟೀಲು ಹಾಕಿದ್ದೇವೆ, ಹತ್ತು ವರ್ಷ ಚಿಂತೆಯಿಲ್ಲ ಅಂದಿದ್ರಿ. ಎರಡು ಮಳೆಗಾಲವೂ ಬಾಳಲಿಲ್ಲವಲ್ಲ ಸರ್?" ಎಂದು ಕೇಳಿದರು. ಎಂಜಿನಿಯರಿಂಗ್ ಪದವೀಧರನಾದ ನನ್ನ ಬಳಿ ಅಂದು ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಬಂದರಿನ ಧಕ್ಕೆಯಲ್ಲಿ, ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರಿಂದ. ತುಂಡಾದ ಹೋಸ್ ಕ್ಲಿಪ್ಪನ್ನು ಅವರು ಕ್ಷಣಕಾಲ ತಿರುಗಿಸಿ ನೋಡಿ, "ಪಟ್ಟಿ ಇನ್ನೂ ಹೊಳೀತದೆ, ಸ್ಕ್ರೂ ನೋಡಿ ಸರ್, ಅದು ಬರೇ ಕಬ್ಬಿಣ" ಎಂದರು. ನಿಜ. ಪಟ್ಟಿ ಸ್ಟೇನ್‌ಲೆಸ್ ಆಗಿತ್ತು. ಬಿಗಿಯುವ ಸ್ಕ್ರೂ ಸತುವಿನ ಲೇಪ ಕೊಟ್ಟ ಸಾದಾ ಉಕ್ಕಿನದಾಗಿತ್ತು. ಸರಬರಾಜುದಾರರು ನಾನು ಬರೆದುದನ್ನೇ ಕೊಟ್ಟಿದ್ದರು. ಬಿಲ್ಲು ತಡೆಹಿಡಿಯಲು ಯಾವ ಆಧಾರವೂ ಇರಲಿಲ್ಲ. ಬೋಟಿನವರಿಗೆ ಇದು ಜೀವದ ಪ್ರಶ್ನೆ. ಎಂಜಿನ್ ತಂಪಾಗಿಸಲು ಸಮುದ್ರದ ನೀರನ್ನು ಒಳಗೆ ತರುವ ಹೋಸಿನ ಕ್ಲಿಪ್ ಕಳಚಿದರೆ ಕಡಲೇ ಬೋಟಿನೊಳಕ್ಕೆ ಬರುತ್ತದೆ. ಹಾಗಾಗಿ ಅಂತಹ ಕಡೆ ತಿಳಿದವರು ಒಂದರ ಪಕ್ಕ ಒಂದರಂತೆ ಎರಡು ಕ್ಲಿಪ್ ಹಾಕುತ್ತಾರೆ.

ಸದಸ್ಯ ಬಂಧುಗಳೇ, ಮೊದಲು ಶತ್ರುವಿನ ಪರಿಚಯವಾಗಬೇಕು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಕಲ್ಲುಪ್ಪು ನೀರೊಡೆಯುವುದನ್ನು ಎಲ್ಲರೂ ಕಂಡಿದ್ದೇವೆ. ಉಪ್ಪು ಗಾಳಿಯಲ್ಲಿರುವ ತೇವವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಶುದ್ಧ ಅಡುಗೆ ಉಪ್ಪು ಸುಮಾರು ಶೇ. 75ರ ಸಾಪೇಕ್ಷ ಆರ್ದ್ರತೆಯಲ್ಲಿ ಒದ್ದೆಯಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ಆರ್ದ್ರತೆಯಲ್ಲೇ ಒದ್ದೆಯಾಗುತ್ತದೆ. ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ವಿಳೆಯಿಸುವ ಅದೇ ಕಡಲು ನಮ್ಮ ಕಂಬ, ಸೇತುವೆ, ಪಂಪ್‌ಹೌಸುಗಳ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಉಪ್ಪನ್ನು ಹರಡುತ್ತದೆ. ಅಂದರೆ ಮಳೆಯಿಲ್ಲದ ಜನವರಿಯಲ್ಲೂ ನಮ್ಮ ಕ್ಲಿಪ್‌ಗಳು ಉಪ್ಪುನೀರಿನ ಪದರವನ್ನು ಹೊದ್ದೇ ಇರುತ್ತವೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮಳೆಗೆ ನೇರವಾಗಿ ತೆರೆದುಕೊಂಡ ಕ್ಲಿಪ್ ಹೆಚ್ಚು ಹಾಳಾಗುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವ ಬಹುಮಟ್ಟಿಗೆ ಇದಕ್ಕೆ ವ್ಯತಿರಿಕ್ತ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಬಯಲಿನಲ್ಲಿರುವ ಲೋಹದ ಮೇಲಿನ ಉಪ್ಪನ್ನು ತೊಳೆದುಬಿಡುತ್ತದೆ. ಸೇತುವೆಯ ಅಡಿಭಾಗ, ಸೂರಿನ ಕೆಳಗು, ಕಂಬದ ಪೆಟ್ಟಿಗೆಯ ಹಿಂಬದಿ, ಇಂತಹ ಮಳೆ ತಾಗದ, ಆದರೆ ಕಡಲ ಗಾಳಿ ನುಗ್ಗುವ ಸ್ಥಳಗಳಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ನಾವು ಅಡಿಭಾಗವನ್ನು "ರಕ್ಷಿತ ಜಾಗ" ಎಂದು ಆರಿಸಿಕೊಂಡಿದ್ದೆವು. ಕ್ಲಿಪ್‌ಗಳ ಮಟ್ಟಿಗೆ ಅದು ಅತ್ಯಂತ ಕಠಿಣ ಜಾಗವಾಗಿತ್ತು.

ಇನ್ನು "ಸ್ಟೇನ್‌ಲೆಸ್" ಎಂಬ ಹೆಸರಿನ ಬಗ್ಗೆ. ಇದು ಒಂದು ಲೋಹದ ಹೆಸರಲ್ಲ, ಒಂದು ಕುಲದ ಹೆಸರು. ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಅದರ ಮೇಲ್ಮೈಯಲ್ಲಿ ತಾನಾಗಿಯೇ ಒಂದು ಅತಿ ತೆಳುವಾದ ರಕ್ಷಾಪದರ ಉಂಟಾಗುತ್ತದೆ. ಗೀಚಿದರೂ ಆ ಪದರ ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ಭೇದಿಸಬಲ್ಲ ವಸ್ತುಗಳಲ್ಲಿ ಉಪ್ಪಿನ ಕ್ಲೋರೈಡ್ ಪ್ರಮುಖವಾದುದು. ಅದು ಇಡೀ ಮೈಯನ್ನು ಸವೆಸುವುದಿಲ್ಲ. ಸೂಜಿಮೊನೆಯಷ್ಟು ಜಾಗದಲ್ಲಿ ಪದರವನ್ನು ಒಡೆದು ಒಳಕ್ಕೆ ಕೊರೆಯುತ್ತದೆ. ಹೊರಗಿನಿಂದ ಹೊಳಪು ಹಾಗೆಯೇ ಇರುತ್ತದೆ, ಒಳಗೆ ಗುಳಿ ಬೆಳೆಯುತ್ತದೆ. 304 ಎಂಬ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ನಮ್ಮ ಮನೆಯ ಉತ್ತಮ ಪಾತ್ರೆಗಳು ಈ ದರ್ಜೆಯವು. 316 ಎಂಬ ದರ್ಜೆಯಲ್ಲಿ ಇವುಗಳ ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುತ್ತದೆ. ಕ್ಲೋರೈಡ್ ಕೊರೆತವನ್ನು ತಡೆದುಕೊಳ್ಳುವ ಶಕ್ತಿಯನ್ನು ಹೆಚ್ಚಿಸುವುದು ಈ ಅಲ್ಪಾಂಶವೇ. ಕಡಲ ಕೆಲಸಕ್ಕೆ 316 ಎಂಬ ರೂಢಿ ಬಂದಿರುವುದು ಇದರಿಂದ. 430 ಎಂಬ ದರ್ಜೆಯಲ್ಲಿ ನಿಕ್ಕಲ್ ಬಹುತೇಕ ಇಲ್ಲ. 202 ಎಂಬುದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಇವೆರಡೂ ಅಗ್ಗ, ಇವೆರಡೂ ಕಾನೂನಿನ ಕಣ್ಣಿಗೆ ಸ್ಟೇನ್‌ಲೆಸ್ ಸ್ಟೀಲೇ, ಮತ್ತು ಇವೆರಡಕ್ಕೂ ಅಳಿವೆಯ ಬದಿಯಲ್ಲಿ ಕೆಲಸವಿಲ್ಲ.

ಸ್ಕ್ರೂ ತಿರುಗಿಸಿ ಬಿಗಿಯುವ ಹೋಸ್ ಕ್ಲಿಪ್‌ಗಳಿಗೆ ಜರ್ಮನಿಯ ಡಿಐಎನ್ 3017 ಮಾನಕದ ಪ್ರಕಾರ ಗುರುತುಗಳಿವೆ. ಡಬ್ಲ್ಯು 1 ಎಂದರೆ ಎಲ್ಲ ಭಾಗವೂ ಸತು ಲೇಪಿತ ಸಾದಾ ಉಕ್ಕು. ಡಬ್ಲ್ಯು 2 ಎಂದರೆ ಪಟ್ಟಿ ಮತ್ತು ಗೂಡು ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಸತು ಲೇಪಿತ. ನಮಗೆ ಬಂದದ್ದು ಇದೇ. ಡಬ್ಲ್ಯು 3ರಲ್ಲಿ ಮೂರು ಭಾಗಗಳೂ 430 ಬಗೆಯವು, ಡಬ್ಲ್ಯು 4ರಲ್ಲಿ 304, ಡಬ್ಲ್ಯು 5ರಲ್ಲಿ 316. ಒಳ್ಳೆಯ ಕ್ಲಿಪ್‌ಗಳ ಪಟ್ಟಿಯ ಮೇಲೆ ಈ ಗುರುತು ಒತ್ತಿರುತ್ತದೆ. ಬೋಲ್ಟುಗಳ ತಲೆಯ ಮೇಲೆ ಎ2 ಎಂದಿದ್ದರೆ ಅದು 304ರ ವರ್ಗ, ಎ4 ಎಂದಿದ್ದರೆ 316ರ ವರ್ಗ.

ಡಬ್ಲ್ಯು 2ರ ದೋಷ ಕೇವಲ ಸ್ಕ್ರೂ ದುರ್ಬಲವೆಂಬುದಲ್ಲ. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ತೊಯ್ದರೆ ಅಲ್ಲಿ ಒಂದು ಬ್ಯಾಟರಿಯೇ ಸಿದ್ಧವಾಗುತ್ತದೆ. ಅದರಲ್ಲಿ ಕೀಳು ಲೋಹ ಕರಗಿ ಮೇಲಿನದನ್ನು ಕಾಯುತ್ತದೆ. ಕರಗುವ ಭಾಗ ಚಿಕ್ಕದಾಗಿದ್ದು ಕಾಯಿಸಿಕೊಳ್ಳುವ ಭಾಗ ದೊಡ್ಡದಾದಷ್ಟೂ ಸವೆತ ತೀವ್ರ. ಅಗಲವಾದ ಸ್ಟೇನ್‌ಲೆಸ್ ಪಟ್ಟಿಯ ನಡುವೆ ಒಂದು ಪುಟ್ಟ ಕಬ್ಬಿಣದ ಸ್ಕ್ರೂ. ಇದಕ್ಕಿಂತ ಕೆಟ್ಟ ಜೋಡಿಯನ್ನು ಬೇಕೆಂದೇ ಕೂಡಿಸುವುದೂ ಕಷ್ಟ! ಆ ಸ್ಕ್ರೂ ಒಂಟಿಯಾಗಿದ್ದರೆ ಇನ್ನಷ್ಟು ಕಾಲ ಬಾಳುತ್ತಿತ್ತೇನೋ. ಕ್ಲಿಪ್, ಸ್ಕ್ರೂ, ವಾಷರ್, ನಟ್ಟು ಎಲ್ಲವೂ ಒಂದೇ ದರ್ಜೆಯವಾಗಿರಬೇಕೆಂದು ಪಟ್ಟುಹಿಡಿಯುವುದು ಈ ಕಾರಣಕ್ಕೆ. ಅಲ್ಯೂಮಿನಿಯಂ ತೋಳಿಗೆ ಸ್ಟೇನ್‌ಲೆಸ್ ಕ್ಲಿಪ್ ಹಾಕುವಾಗ ನಡುವೆ ನೈಲಾನ್ ಅಥವಾ ರಬ್ಬರಿನ ತುಂಡಿಟ್ಟು ಲೋಹಗಳನ್ನು ಬೇರ್ಪಡಿಸಬೇಕಾದುದೂ ಇದರಿಂದಲೇ.

"ಜಿಐ ಹಾಕಿದರೆ ಸಾಲದೇ?" ಎಂದು ಕೆಲವರು ಕೇಳುತ್ತಾರೆ. ಯಾವ ಜಿಐ ಎಂಬುದು ಮುಖ್ಯ. ವಿದ್ಯುತ್ ಲೇಪನದಿಂದ ಕೊಟ್ಟ ಸತುವಿನ ಪದರ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ದಪ್ಪ. ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು 45ರಿಂದ 85 ಮೈಕ್ರಾನ್. ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಮೊದಲನೆಯದು. ಮಂಕಾಗಿ ಬೂದು ಬಣ್ಣದಲ್ಲಿ ತುಸು ಒರಟಾಗಿರುವುದು ಎರಡನೆಯದು. ನಾವು ಹೊಳಪಿಗೆ ಮರುಳಾಗುತ್ತೇವೆ. ದಂಡೆಯಿಂದ ಕೆಲವು ಕಿಲೋಮೀಟರ್ ಒಳಗಿರುವ, ಉಪ್ಪುನೀರಿನ ಹೊಳೆಯ ಸೋಂಕಿಲ್ಲದ ಹಳ್ಳಿಗಳಲ್ಲಿ ದಪ್ಪ ಸತುವಿನ ಸ್ಯಾಡಲ್‌ಗಳು ಅಥವಾ 304 ಕ್ಲಿಪ್‌ಗಳು ಧಾರಾಳವಾಗಿ ಸಾಕು. ಅಲ್ಲಿ 316 ಕೇಳುವುದು ದುಂದುವೆಚ್ಚ. ಗಾಳಿಯಲ್ಲಿನ ಉಪ್ಪು ದಂಡೆಯಿಂದ ಒಳಕ್ಕೆ ಹೋದಂತೆ ಬಹು ಬೇಗ ಇಳಿಮುಖವಾಗುತ್ತದೆ. ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಹಿನ್ನೀರಿನಲ್ಲಿ ಭರತದ ಉಪ್ಪುನೀರು ಒಳನಾಡಿನವರೆಗೂ ಏರುವುದರಿಂದ, ಗಜನಿ ಗದ್ದೆಗಳ ಊರಿನವರು ಸಮುದ್ರದಿಂದ ತಮ್ಮ ದೂರವನ್ನು ರಸ್ತೆಯ ಕಿಲೋಮೀಟರ್ ಕಲ್ಲಿನಿಂದ ಅಳೆಯಬಾರದು. ಬಾವಿಯ ನೀರು ಯಾವ ತಿಂಗಳಲ್ಲಿ ಉಪ್ಪಾಗುತ್ತದೆ ಎಂದು ಊರ ಹಿರಿಯರನ್ನು ಕೇಳಿದರೆ ಹೆಚ್ಚು ಸರಿಯಾದ ಲೆಕ್ಕ ಸಿಗುತ್ತದೆ.

316 ಕೂಡ ಸರ್ವರೋಗಕ್ಕೆ ಮದ್ದಲ್ಲ. ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ರಕ್ಷಾಪದರ ಕೂಡಿಕೊಳ್ಳುವುದು ಅದರಿಂದಲೇ. ರಬ್ಬರ್ ಹೊದಿಕೆಯ ಅಡಿಯಲ್ಲಿ, ಪಟ್ಟಿಯ ಮೇಲೆ ಪಟ್ಟಿ ಕೂತ ಸಂದಿಯಲ್ಲಿ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಮುಗಿದು ಸಂದುಗೊರೆತ ಆರಂಭವಾಗುತ್ತದೆ. ಸದಾ ಉಪ್ಪುನೀರಿನಲ್ಲಿ ಮುಳುಗಿರುವ ಜಾಗಕ್ಕೆ, ಉದಾಹರಣೆಗೆ ಧಕ್ಕೆಯ ಕಂಬದ ಕೆಳಭಾಗಕ್ಕೆ, ಲೋಹದ ಕ್ಲಿಪ್ಪಿನ ಬದಲು ತಕ್ಕ ಪ್ಲಾಸ್ಟಿಕ್ ಸ್ಯಾಡಲ್ ಆರಿಸುವುದೇ ಲೇಸು.

ಪಂಚಾಯಿತಿಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸ್ಥಳವಿದೆ. ಬ್ಲೀಚಿಂಗ್ ಪೌಡರ್ ಚೀಲಗಳನ್ನು ನಾವು ಎಲ್ಲಿ ಇಡುತ್ತೇವೆ? ಬಹುತೇಕ ಕಡೆ ಪಂಪ್‌ಹೌಸಿನ ಮೂಲೆಯಲ್ಲಿ. ಅದರಿಂದ ಹೊರಡುವ ಕ್ಲೋರಿನ್ ಆವಿ ಮುಚ್ಚಿದ ಕೋಣೆಯಲ್ಲಿ ಸ್ಟೇನ್‌ಲೆಸ್ ಉಕ್ಕನ್ನೂ ತಿನ್ನುತ್ತದೆ, ಪ್ಯಾನೆಲ್ ಬೋರ್ಡಿನ ತಾಮ್ರದ ತುದಿಗಳನ್ನೂ ತಿನ್ನುತ್ತದೆ. ಸ್ವಿಚ್ಚುಗಳು ಪದೇ ಪದೇ ಕೆಡುತ್ತಿವೆಯೆಂದು ಎಲೆಕ್ಟ್ರಿಷಿಯನ್‌ನನ್ನು ಬೈಯುವ ಮೊದಲು ಚೀಲಗಳನ್ನು ಗಾಳಿಯಾಡುವ ಬೇರೆ ಜಾಗಕ್ಕೆ ಸ್ಥಳಾಂತರಿಸಿ. ಇದಕ್ಕೆ ಅನುದಾನ ಬೇಕಿಲ್ಲ.

ಕೇಬಲ್ ವಿಷಯದಲ್ಲಿ ನಷ್ಟ ನೀರಿನದಲ್ಲ, ಪ್ರಾಣದ್ದು. ಕ್ಲಿಪ್ ಉದುರಿದ ಕೇಬಲ್ ಗಾಳಿಗೆ ತೂಗಾಡಿ ಕಂಬದ ಅಂಚಿಗೆ ಉಜ್ಜುತ್ತದೆ, ಹೊದಿಕೆ ಸವೆಯುತ್ತದೆ, ಮೊದಲ ಮಳೆಗೆ ಕಂಬವೇ ವಿದ್ಯುತ್ ಹಿಡಿಯುತ್ತದೆ. ನಾನು ಹೇಳಿದ ಅದೇ ಸೇತುವೆಯ ಕಬ್ಬಿಣದ ಕಟಕಟೆಗೆ ಜೂನ್ ತಿಂಗಳಲ್ಲಿ ಕೈಯಿಟ್ಟ ನೀರುಗಂಟಿಗೆ ಜುಮ್ಮೆಂದು ತಾಗಿತು. ಆತ ಆ ಕ್ಷಣವೇ ಓಡಿಹೋಗಿ ಫ್ಯೂಸ್ ಕಿತ್ತ. ಶಾಲೆಯ ಮಕ್ಕಳು ಅದೇ ಕಟಕಟೆ ಹಿಡಿದುಕೊಂಡು ದಾಟಲು ಇನ್ನು ಒಂದು ಗಂಟೆ ಇತ್ತು. ಈ ಮಾತನ್ನು ಹೇಳುವಾಗ ಈಗಲೂ ನನ್ನ ಎದೆ ನಡುಗುತ್ತದೆ. ಮೇ ತಿಂಗಳಲ್ಲಿ ನಾವು ಕೊಳವೆಯ ಕ್ಲಿಪ್‌ಗಳನ್ನು ಬದಲಿಸಿದ್ದೆವು. ಪಕ್ಕದಲ್ಲೇ ಇದ್ದ ಕೇಬಲಿನ ಕ್ಲಿಪ್‌ಗಳನ್ನು ಮುಂದಿನ ಕಂತಿಗೆಂದು ಬಿಟ್ಟಿದ್ದೆವು.

ಕೇಬಲ್ ಬಿಗಿಯಲು ಬಹಳ ಕಡೆ ಬಿಳಿ ನೈಲಾನ್ ಟೈ ಬಳಸುತ್ತಾರೆ. ಅದು ತುಕ್ಕು ಹಿಡಿಯದು, ನಿಜ. ಬಿಸಿಲಿಗೆ ಮಾತ್ರ ಬೇಗನೆ ಪೆಡಸಾಗಿ ಮುರಿಯುತ್ತದೆ. ಬಯಲಿಗೆ ಬೇಕಾದುದು ಅತಿನೇರಳೆ ಕಿರಣ ತಡೆಯುವಂತೆ ತಯಾರಿಸಿದ ಕಪ್ಪು ಟೈ. ಕಪ್ಪಾಗಿರುವುದೆಲ್ಲ ಅಂಥದ್ದಲ್ಲ, ಪೊಟ್ಟಣದ ಮೇಲೆ ಯುವಿ ನಿರೋಧಕವೆಂಬ ಉಲ್ಲೇಖ ಇರಬೇಕು. ತಲೆಯ ಮೇಲೆ ಭಾರದ ಕೇಬಲ್ ಹಾದುಹೋಗುವಲ್ಲಿ ಇದನ್ನೂ ನಂಬದೆ, ಪ್ಲಾಸ್ಟಿಕ್ ಹೊದಿಕೆಯಿರುವ 316 ಸ್ಟೀಲ್ ಟೈ ಹಾಕಿಸುವುದು ಕ್ಷೇಮ. ಹೊದಿಕೆ ಕೇಬಲನ್ನು ಅಂಚಿನಿಂದ ಕಾಯುತ್ತದೆ. ಹೆಸ್ಕಾಂ ಕಂಬಗಳ ಮೇಲಿನ ಯಾವುದೇ ಕೆಲಸ ಅವರ ಅನುಮತಿ ಮತ್ತು ಲೈನ್ ಬಂದ್ ಇಲ್ಲದೆ ನಡೆಯತಕ್ಕದ್ದಲ್ಲವೆಂಬುದು ತಮಗೆ ತಿಳಿದೇ ಇದೆ.

ಸಾಮಗ್ರಿ ಬಂದಾಗ ಪರೀಕ್ಷಿಸುವುದು ಹೇಗೆ? ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತವಿರಲಿ. ಪಟ್ಟಿಗಾಗಲಿ ಸ್ಕ್ರೂಗಾಗಲಿ ಅದು ಬಲವಾಗಿ ಅಂಟಿಕೊಂಡರೆ ಆ ಭಾಗ 304ಊ ಅಲ್ಲ, 316ಊ ಅಲ್ಲ. ಬಾಗಿಸಿ ತಯಾರಿಸಿದ 304 ತುಸು ಎಳೆಯುವುದುಂಟು, ಅದನ್ನು ಕಂಡು ಗಾಬರಿಪಡಬೇಕಿಲ್ಲ. ಅಂಟಿಕೊಳ್ಳದಿದ್ದರೆ ಪರೀಕ್ಷೆ ಮುಗಿಯಿತೆಂದಲ್ಲ, ಏಕೆಂದರೆ 202 ಕೂಡ ಅಂಟುವುದಿಲ್ಲ. 316ನ್ನು ಗುರುತಿಸಲು ಮಾಲಿಬ್ಡಿನಂ ಪತ್ತೆಹಚ್ಚುವ ದ್ರಾವಣದ ಪುಟ್ಟ ಬಾಟಲಿ ಮಾರುಕಟ್ಟೆಯಲ್ಲಿದೆ. ಒಂದು ಹನಿ ಹಾಕಿ ಬಣ್ಣ ನೋಡಿದರೆ ತಿಳಿಯುತ್ತದೆ. ಇದರೊಡನೆ ತಯಾರಕರ ಪರೀಕ್ಷಾ ಪ್ರಮಾಣಪತ್ರವನ್ನು ಪಡೆದು, ದಾಸ್ತಾನು ವಹಿಯಲ್ಲಿ ನಮೂದಿಸುವ ಮೊದಲು ಒಂದು ಮಾದರಿ ಕ್ಲಿಪ್ಪನ್ನು ಲಕೋಟೆಯಲ್ಲಿಟ್ಟು ಕಡತಕ್ಕೆ ಸೇರಿಸಿ.

ಅಳವಡಿಕೆಯಲ್ಲೂ ತಪ್ಪುಗಳಾಗುತ್ತವೆ. ಪಟ್ಟಿಗೆ ಆರಪಾರ ಸೀಳು ಕೊರೆದ ಕ್ಲಿಪ್‌ಗಿಂತ, ಹಲ್ಲುಗಳನ್ನು ಮೇಲೆ ಮಾತ್ರ ಒತ್ತಿ ಅಂಚನ್ನು ಮಡಿಸಿದ ಕ್ಲಿಪ್ ಹೋಸನ್ನು ಕೊಯ್ಯುವುದಿಲ್ಲ. ಬಿಗಿದ ಕೆಲವು ದಿನಗಳ ನಂತರ ರಬ್ಬರು ತಗ್ಗುವುದರಿಂದ ಮತ್ತೊಮ್ಮೆ ಬಿಗಿಯಬೇಕು. ಸ್ಟೇನ್‌ಲೆಸ್ ಸ್ಕ್ರೂ ಸ್ಟೇನ್‌ಲೆಸ್ ಗೂಡಿನಲ್ಲಿ ಕಚ್ಚಿಕೊಳ್ಳುವ ಸ್ವಭಾವದ್ದು. ತುಸು ಗ್ರೀಸ್ ಸವರಿ ನಿಧಾನವಾಗಿ ತಿರುಗಿಸಬೇಕು. ಹೊಸ ಸ್ಟೀಲ್ ಕ್ಲಿಪ್‌ಗಳ ಪಕ್ಕದಲ್ಲೇ ಕಬ್ಬಿಣದ ಕಂಬಿಯನ್ನು ಗ್ರೈಂಡರಿನಿಂದ ಕತ್ತರಿಸಿದರೆ ಹಾರಿದ ಕಿಡಿಗಳು ಕ್ಲಿಪ್ಪಿನ ಮೇಲೆ ಕೂತು ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ. ತಂತಿ ಬ್ರಷ್ ಹಾಕಿ ಉಜ್ಜುವುದೂ ಅಷ್ಟೇ ಅಪಾಯಕಾರಿ.

ಮಳೆಗಾಲ ಮುಗಿದ ಮೇಲೆ ಮಳೆ ತಾಗದ ಜಾಗದ ಕ್ಲಿಪ್‌ಗಳನ್ನು ಸಿಹಿನೀರಿನಿಂದ ತೊಳೆಸುವ ವಾಡಿಕೆಯನ್ನು ನಾವು ಆರಂಭಿಸಿದ್ದೇವೆ. ಡಿಸೆಂಬರಿನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ. ಅದರಾಚೆ ನೀರಿಗೇ ಬರ. ಚಹಾದ ಕಲೆಯಂತಹ ಕಂದು ಛಾಯೆ ಕಂಡರೆ ತೊಳೆಯುವಿಕೆ ತಡವಾಗಿದೆ ಎಂದರ್ಥ. ಗುಳಿ ಕಂಡರೆ ಬದಲಿಸಬೇಕೆಂದರ್ಥ.

316 ಕ್ಲಿಪ್ಪಿನ ಬೆಲೆ ಸತು ಲೇಪಿತ ಕ್ಲಿಪ್ಪಿನ ಹಲವು ಪಟ್ಟು. ಸಭೆಯಲ್ಲಿ ಈ ಆಕ್ಷೇಪ ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಆಕ್ಷೇಪ. ನಮ್ಮ ಪ್ರಕರಣದಲ್ಲಿ ನಾಲ್ಕು ದಿನದ ದೋಣಿ ಬಾಡಿಗೆ, ಸೇತುವೆಯಡಿ ಮತ್ತೆ ಅಟ್ಟಣೆ ಕಟ್ಟಿದ ಕೂಲಿ, ಖಾಲಿಯಾದ ತೊಟ್ಟಿ ಇವುಗಳನ್ನು ಕೂಡಿಸಿದಾಗ, ಮೊದಲೇ 316 ಕೊಂಡಿದ್ದರೆ ಆಗುತ್ತಿದ್ದ ಹೆಚ್ಚುವರಿ ವೆಚ್ಚವನ್ನು ಅದು ಎಷ್ಟೋ ಮೀರಿತ್ತು. ಅದೇ ಕಾಮಗಾರಿಗೆ ಎರಡು ವರ್ಷದೊಳಗೆ ಮತ್ತೆ ವೆಚ್ಚವೇಕೆಂಬ ಲೆಕ್ಕಪರಿಶೋಧನಾ ಆಕ್ಷೇಪಣೆಗೆ ಸಮಜಾಯಿಷಿ ಬರೆದವನೂ ನಾನೇ.

ಈಗ ನಾವು ಅಂದಾಜು ಪಟ್ಟಿ ಮತ್ತು ದರಪತ್ರಗಳಲ್ಲಿ ಬಳಸುತ್ತಿರುವ ವಾಕ್ಯವನ್ನು ಓದುತ್ತೇನೆ; ಇಚ್ಛೆಯುಳ್ಳವರು ಬರೆದುಕೊಳ್ಳಬಹುದು. "ಹೋಸ್ ಹಾಗೂ ಕೇಬಲ್ ಕ್ಲಿಪ್‌ಗಳು ಪಟ್ಟಿ, ಗೂಡು, ಸ್ಕ್ರೂ, ನಟ್ಟು ಮತ್ತು ವಾಷರ್ ಸೇರಿದಂತೆ ಸಂಪೂರ್ಣವಾಗಿ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರತಕ್ಕದ್ದು, ಹೋಸ್ ಕ್ಲಿಪ್‌ಗಳು ಡಬ್ಲ್ಯು 5 ಗುರುತು ಹೊಂದಿರತಕ್ಕದ್ದು, ತಯಾರಕರ ಪರೀಕ್ಷಾ ಪ್ರಮಾಣಪತ್ರ ಮತ್ತು ಒಂದು ಮಾದರಿಯನ್ನು ಸರಬರಾಜಿಗೆ ಮೊದಲು ಸಲ್ಲಿಸತಕ್ಕದ್ದು." ಒಳನಾಡಿನ ಪಂಚಾಯಿತಿಗಳು 316ರ ಜಾಗದಲ್ಲಿ 304 ಎಂದೂ, ಡಬ್ಲ್ಯು 5ರ ಜಾಗದಲ್ಲಿ ಡಬ್ಲ್ಯು 4 ಎಂದೂ ತಿದ್ದಿಕೊಳ್ಳಬಹುದು. ಯಾವುದೇ ಕಂಪನಿಯ ಹೆಸರನ್ನು ಬರೆಯದಿರುವುದರಿಂದ ಪಾರದರ್ಶಕತೆ ಅಧಿನಿಯಮದ ದೃಷ್ಟಿಯಿಂದ ತೊಡಕಿಲ್ಲ. ಅಂದಾಜು ಪಟ್ಟಿ ತಮ್ಮ ಮುಂದೆ ಅನುಮೋದನೆಗೆ ಬಂದಾಗ "ಸ್ಟೀಲ್ ಎಂದರೆ ಯಾವ ದರ್ಜೆ, ಸ್ಕ್ರೂ ಯಾವುದರದ್ದು?" ಎಂದು ತಾವು ಕೇಳಬೇಕೆಂದು ಕೋರುತ್ತೇನೆ. ನನ್ನಂತಹ ಅಧಿಕಾರಿಗಳಿಗೆ ತುಸು ಮುಜುಗರವಾದರೂ ಚಿಂತೆಯಿಲ್ಲ.

ಆ ಕುರ್ವೆಯ ಸೇತುವೆಯಿಂದ ಕಳಚಿದ ಕ್ಲಿಪ್‌ಗಳನ್ನೂ, ಹೊಸ ಕ್ಲಿಪ್‌ಗಳ ಮಾದರಿಗಳನ್ನೂ, ಒಂದು ಅಯಸ್ಕಾಂತವನ್ನೂ ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇನೆ. ಊಟದ ವಿರಾಮದಲ್ಲಿ ಕೈಗೆತ್ತಿಕೊಂಡು ನೋಡಬಹುದು. ಹಳೆಯವುಗಳ ಅಂಚು ಹರಿತವಾಗಿದೆ, ಜಾಗ್ರತೆ.